ದೂರು ವಿಭಾಗದ ಕೊಳಲು

ಎಲ್ಲ ಅನರ್ಥಕ್ಕೂ ಮೂಲ ಮೂರು ಸಾಲಿನ ಒಂದು ರಜೆ ಅರ್ಜಿ. ‘ವಿಪರೀತ ಹೊಟ್ಟೆನೋವು ಇರುವುದರಿಂದ ಈ ದಿನ ಕಚೇರಿಗೆ ಬರಲಾಗುತ್ತಿಲ್ಲ’ ಎಂದು ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ ಬೆಳಿಗ್ಗೆ ಏಳು ಗಂಟೆಗೆ ಬರೆದು ಕಳಿಸಿದಾಗ ಅವನ ಹೊಟ್ಟೆ ಕಲ್ಲು ತಿಂದು ಕರಗಿಸುವ ಸ್ಥಿತಿಯಲ್ಲಿತ್ತು.

ನಿಜವಾದ ಕಾರಣ ಬರೆಯುವಂತಿರಲಿಲ್ಲ. ಆ ದಿನ ಹನ್ನೊಂದು ಗಂಟೆಗೆ ಊರಿನ ರೇಡಿಯೋ ನಿಲಯದಲ್ಲಿ ಅವನ ಕೊಳಲುವಾದನವಿತ್ತು. ಅರ್ಧ ಗಂಟೆ, ನೇರ ಪ್ರಸಾರ. ಕಚೇರಿಯ ದೊಡ್ಡ ಸಾಹೇಬರಿಗೆ ಸಂಗೀತವೆಂದರೆ ಸೋರುವ ನಲ್ಲಿಯ ಮೇಲಿರುವಷ್ಟೇ ಪ್ರೀತಿ. ಕಡತ ಹೊತ್ತು ಹೋಗುವಾಗ ಶಿಳ್ಳೆ ಹಾಕಿದ ತಪ್ಪಿಗೆ ಜವಾನನಿಗೆ ನೋಟೀಸು ಕೊಟ್ಟ ಪುಣ್ಯಾತ್ಮ ಅವರು.

ಗುಮಾಸ್ತ ಹತ್ತೊಂಬತ್ತು ವರ್ಷದಿಂದ ಕೊಳಲು ನುಡಿಸುತ್ತಿದ್ದ. ಅಷ್ಟು ವರ್ಷದಲ್ಲಿ ಅವನು ಸ್ವಂತವಾಗಿ ಕಟ್ಟಿದ್ದು ಒಂದೇ ಒಂದು ರಚನೆ. ಏಳು ನಿಮಿಷದ್ದು. ಅದನ್ನು ಕೊನೆಯವರೆಗೆ ಕೇಳಿದ ಮನುಷ್ಯ ಪ್ರಾಣಿ ಊರಿನಲ್ಲಿರಲಿಲ್ಲ. ಎರಡನೇ ನಿಮಿಷಕ್ಕೆ ಹೆಂಡತಿಗೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗುತ್ತಿತ್ತು, ಹಾಲು ಇಟ್ಟಿರದಿದ್ದರೂ. ಬೀದಿಯವರು ಅವನಿಗೆ ‘ಪೀಪಿ’ ಎಂದು ಹೆಸರಿಟ್ಟು, ಆ ಹೆಸರಿನಲ್ಲೇ ಕರೆದು, ಆ ಹೆಸರಿಗೇ ಓಗೊಡುವಂತೆ ಮಾಡಿದ್ದರು. ಒಮ್ಮೆ, ಒಂದೇ ಒಮ್ಮೆ, ಆ ಏಳು ನಿಮಿಷ ಪೂರ್ತಿ ಜನರ ಕಿವಿಗೆ ಬಿದ್ದರೆ ಸಾಕು ಎನ್ನುವುದು ಅವನ ಬಾಳಿನ ಒಟ್ಟು ಆಸೆ.

ಗುಟ್ಟಾಗಿ ಹೋಗಿ ಗುಟ್ಟಾಗಿ ಬರಬೇಕೆಂದು ಅವನು ಹಾಕಿದ್ದ ಲೆಕ್ಕ ಭಾವಮೈದನಿಂದಾಗಿ ತಲೆಕೆಳಗಾಯಿತು. ಅಕ್ಕನ ಮನೆಯಲ್ಲಿ ಉಂಡು, ಅಕ್ಕನ ಗಂಡನ ಅಂಗಿ ತೊಟ್ಟು, ಕೆಲಸ ಹುಡುಕುವುದನ್ನೇ ಕೆಲಸ ಮಾಡಿಕೊಂಡಿದ್ದ ಆ ಮಹಾಶಯನ ಬಾಯಿಗೆ ಬಿದ್ದ ಗುಟ್ಟು ಜರಡಿಗೆ ಹೊಯ್ದ ನೀರು. ಎಂಟು ಗಂಟೆಗೆಲ್ಲ ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು.

“ಭಾವ, ಯಾರಿಗೂ ಹೇಳಿಲ್ಲ, ನಮ್ಮವರಿಗೆ ಮಾತ್ರ ಹೇಳಿದೀನಿ,” ಎಂದ ಅವನು.

ಮೊದಲು ಹಿಡಿದುಕೊಂಡವನು ಮೂಲೆಯ ಕಟಿಂಗ್ ಅಂಗಡಿಯವನು. “ಈ ಮುಖ ಇಟ್ಕೊಂಡು ರೇಡಿಯೋಗೆ ಹೋಗ್ತೀರಾ?”

“ರೇಡಿಯೋದಲ್ಲಿ ಮುಖ ಕಾಣಲ್ಲ ಕಣಯ್ಯ.”

“ಧ್ವನಿ ಬರೋದು ಮುಖದಿಂದ ತಾನೇ? ಕೂತ್ಕೊಳ್ಳಿ.”

ಎಡಗಡೆ ಮೀಸೆ ಬಲಗಡೆಗಿಂತ ಕೂದಲೆಳೆಯಷ್ಟು ಹೆಚ್ಚಿತ್ತಂತೆ. ಸರಿಮಾಡಿದ. ಆಗ ಬಲಗಡೆ ಹೆಚ್ಚಾಯಿತು. ಹೀಗೆ ನ್ಯಾಯ ಹಂಚುತ್ತಾ ಹಂಚುತ್ತಾ, ಬೆಣ್ಣೆ ಪಾಲು ಮಾಡಿದ ಕೋತಿಯಂತೆ, ಹತ್ತು ನಿಮಿಷದಲ್ಲಿ ಮೀಸೆಯನ್ನೇ ಮುಗಿಸಿದ. ಕನ್ನಡಿಯಲ್ಲಿ ಗುಮಾಸ್ತನಿಗೆ ಕಂಡ ತುಟಿ ಯಾರದೋ ಬೇರೆಯವರದು. ಹತ್ತೊಂಬತ್ತು ವರ್ಷ ಮೀಸೆಯ ಕೆಳಗೆ ಕೂತು ಅಭ್ಯಾಸವಾಗಿದ್ದ ಕೊಳಲು ಈ ಬೋಳು ತುಟಿಗೆ ಒಗ್ಗೀತೇ ಎಂದು ಅವನು ತುಟಿ ಸವರಿ ನೋಡಿಕೊಂಡ.

ಹೊರಬಂದರೆ ಎದುರುಮನೆಯ ಟೈಲರಮ್ಮ ಒಂದು ಕೋಟು ಹಿಡಿದು ನಿಂತಿದ್ದಳು. ಯಾರೋ ಮದುಮಗ ಹೊಲಿಯಲು ಕೊಟ್ಟು, ಮದುವೆ ಮುರಿದು, ತಗೊಂಡುಹೋಗದೆ ಬಿಟ್ಟ ಕೋಟು. “ಹಾಕ್ಕೊಳ್ಳಣ್ಣ. ಎಲ್ಲಿ ಹೊಲಿಸಿದ್ದು ಅಂತ ಕೇಳ್ತಾರಲ್ಲ, ಆಗ ನನ್ನ ಹೆಸರು ಹೇಳಿಬಿಡು.”

“ಯಾರು ಕೇಳ್ತಾರಮ್ಮ, ಕಾಣದೇ ಇರೋ ಕೋಟನ್ನ?”

“ಕೇಳದಿದ್ರೆ ನೀನೇ ಹೇಳು. ಬಾಯಿಲ್ವಾ?”

ಆ ಮದುಮಗ ಕಡ್ಡಿಯಂಥವನಿದ್ದಿರಬೇಕು. ಕೋಟು ತೊಟ್ಟ ಗುಮಾಸ್ತನ ಮೊಣಕೈಗಳು ದೇಹಕ್ಕೆ ಅಂಟಿಕೊಂಡವು. ಕೊಳಲು ಎತ್ತಿದರೆ ಗಂಟಲವರೆಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬಿಚ್ಚೋಣವೆಂದರೆ ಟೈಲರಮ್ಮ ಬೀದಿಯ ಕೊನೆಯವರೆಗೂ ಬೆನ್ನ ಮೇಲೆ ಕಣ್ಣು ನೆಟ್ಟಿದ್ದಳು.

ತಿರುವಿನಲ್ಲಿ ಬಿಚ್ಚಿದರಾಯಿತು ಎಂದುಕೊಂಡು ತಿರುವಿಗೆ ಬಂದರೆ, ಸೈಕಲ್ಲಿನಿಂದ ಇಳಿದದ್ದು ಕಚೇರಿಯ ಜವಾನ, ಶಿಳ್ಳೆ ಹಾಕಿ ನೋಟೀಸು ತಿಂದವನು. ಕೈಯಲ್ಲಿ ಕಪ್ಪು ಸೀಸೆ.

“ಏನ್ ಸಾರ್, ಹೊಟ್ಟೆನೋವಿಗೆ ಕೋಟು ಹಾಕ್ಕೊಂಡಿದೀರಿ?”

“ಚಳಿ.”

“ಮೀಸೆ?”

“ಅದೂ ನೋಯ್ತಿತ್ತು,” ಎಂದುಬಿಟ್ಟ ಗುಮಾಸ್ತ ಗಾಬರಿಯಲ್ಲಿ. “ಡಾಕ್ಟರ ಹತ್ರ ಹೊರಟಿದ್ದೆ.”

“ಡಾಕ್ಟರು ಯಾಕೆ? ಸಾಹೇಬರು ತಮ್ಮ ಮನೆ ಔಷಧಿ ಕಳಿಸಿದಾರೆ. ಅವನು ಕುಡಿದಿದ್ದನ್ನ ಕಣ್ಣಾರೆ ನೋಡ್ಕೊಂಡು ಬಾ ಅಂದಿದಾರೆ.”

ಮುಚ್ಚಳ ತೆಗೆದರೆ ಹಳೆ ಬೂಟಿನ ವಾಸನೆ. ಗುಮಾಸ್ತ ಕಣ್ಣುಮುಚ್ಚಿ ಕುಡಿದ. ಆ ಕಹಿಗೆ ನಾಲಿಗೆ ಮಡಿಸಿಕೊಂಡಿತು, ತುಟಿಗಳು ಒಣಗಿದ ಚರ್ಮದ ಚೀಲದ ಬಾಯಿಯಂತೆ ಸೊಟ್ಟಗೆ ಮುದುಡಿದವು. ಜವಾನ ಸೀಸೆಯನ್ನು ಬೋರಲು ಹಾಕಿ, ಒಂದು ಹನಿಯೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಶಿಳ್ಳೆ ಹಾಕುತ್ತಾ ಹೋದ.

ರೇಡಿಯೋ ನಿಲಯ ಇದ್ದದ್ದು ಬಣ್ಣದ ಡಬ್ಬಿ ಮಾರುವ ಅಂಗಡಿಯ ಮೇಲೆ, ಎರಡು ಕೋಣೆಗಳಲ್ಲಿ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಹೊಡೆದಿದ್ದರು. ಮೊಟ್ಟೆ ಇಡದ ಜಾಗವೆಂದರೆ ನಿಲಯದ ನಿರ್ದೇಶಕರ ಕುರ್ಚಿಯ ಹಿಂದಿನ ಗೋಡೆ. ಅಲ್ಲಿ ‘ಊರಿನ ಕಲಾವಿದನೇ ನಮ್ಮ ಉಸಿರು’ ಎಂಬ ಫಲಕ, ಅದರ ಕೆಳಗೆ ನಿರ್ದೇಶಕರೇ ಹಾರ ಹಾಕಿಸಿಕೊಳ್ಳುತ್ತಿರುವ ಒಂಬತ್ತು ಫೋಟೋ. ಒಂದರಲ್ಲಿ ಯಾರೋ ಕಲಾವಿದನ ಅರ್ಧ ಕಿವಿ ಬಂದಿತ್ತು.

ಮೈಕಿನ ಮುಂದೆ ಜೇನಿನಂಥ ಧ್ವನಿ ಇದ್ದ ನಿರ್ದೇಶಕರಿಗೆ ಮೈಕಿನಾಚೆ ಇದ್ದದ್ದು ಮರ ಉಜ್ಜುವ ಕಾಗದದ ಧ್ವನಿ. “ತಡ ಮಾಡಿದ್ರಿ! ಕೂತ್ಕೊಳ್ಳಿ. ಕೆಮ್ಮಬೇಡಿ.”

“ಸಾರ್, ಒಂದು ಕೋರಿಕೆ. ನನ್ನ ಹೆಸರು ಹೇಳಬೇಡಿ. ಕಚೇರಿ ಕಡೆಯಿಂದ ತೊಂದರೆ.”

“ಹೇಳಲ್ಲ. ಕಲಾವಿದನ ಕಷ್ಟ ನಮಗೆ ಗೊತ್ತಿಲ್ವೇ?”

ಗುಮಾಸ್ತ ಅಷ್ಟರಲ್ಲಿ ಕೋಟು ಬಿಚ್ಚಲು ಹೋಗಿ, ಒಂದು ತೋಳಲ್ಲಿ ಸಿಕ್ಕಿಕೊಂಡು, ಎಳೆದು, ಬೆನ್ನಿನ ಹೊಲಿಗೆ ಪರ್ ಎಂದದ್ದೂ, ಯಂತ್ರ ನೋಡಿಕೊಳ್ಳುವ ಹೆಂಗಸು ಕೆಂಪು ದೀಪ ಹಾಕಿದ್ದೂ ಒಂದೇ ಗಳಿಗೆಯಲ್ಲಿ. ಕಾರ್ಯಕ್ರಮ ಶುರುವಾದದ್ದು ಆ ಪರ್ ಸದ್ದಿನಿಂದಲೇ.

ನಿರ್ದೇಶಕರು ಊರಿನ ಪ್ರತಿಭೆಗಳನ್ನು ತಾವು ಹೇಗೆ ಹೆತ್ತ ತಾಯಿಯಂತೆ ಸಾಕುತ್ತಿದ್ದೇವೆಂದು ಒಂಬತ್ತು ನಿಮಿಷ ಮಾತಾಡಿದರು. ಕೆಳಗಿನ ಬಣ್ಣದ ಅಂಗಡಿಯ ಜಾಹೀರಾತು ಎರಡು ನಿಮಿಷ ಬಂತು. ಆಮೇಲೆ ಹೇಳಿದರು: “ಇವತ್ತಿನ ಕಲಾವಿದರು ತಮ್ಮ ಹೆಸರು ಹೇಳಬಾರದು ಅಂತ ಕೋರಿದ್ದಾರೆ. ಎಂಥ ವಿನಯ! ಹಾಗಾಗಿ ನಾನೂ ಹೇಳೋದಿಲ್ಲ. ನಮ್ಮ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ, ಕಿಟಕಿ ಪಕ್ಕ, ಎರಡನೇ ಮೇಜಿನಲ್ಲಿ ಕೂರುವ ಗುಮಾಸ್ತರು ಇವರು ಅಂತ ಮಾತ್ರ ಹೇಳಬಲ್ಲೆ.”

ಎದ್ದುಹೋಗೋಣವೆಂದು ಗುಮಾಸ್ತ ಬಾಗಿಲ ಕಡೆ ನೋಡಿದ. ಆದರೂ ಎದುರಿಗೆ ಮೈಕು, ಕೈಯಲ್ಲಿ ಕೊಳಲು, ಹತ್ತೊಂಬತ್ತು ವರ್ಷದ ಆಸೆ. ಮುದುಡಿದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಹೊಲಿಗೆ ಬಿಟ್ಟು ಸಡಿಲಾದ ಕೋಟಿನಲ್ಲೇ ಕೈಯೆತ್ತಿ, ಉಸಿರು ತುಂಬಿಕೊಂಡು ಊದಿದ. ಆಶ್ಚರ್ಯ, ಸ್ವರ ಹೊರಟಿತು. ಸಣ್ಣಗೆ, ಶುದ್ಧವಾಗಿ, ಬೆಳಗಿನ ಹೊತ್ತು ಯಾರೂ ನಡೆಯದ ರಸ್ತೆಯಂತೆ ಚಾಚಿಕೊಂಡಿತು. ಯಂತ್ರದ ಹೆಂಗಸು ಕೂಡ ತಲೆಯೆತ್ತಿ ನೋಡಿದಳು.

ನಲವತ್ತು ಸೆಕೆಂಡು ಆಗಿರಬಹುದು. ಫೋನು ಬಡಿದುಕೊಂಡಿತು. ದೊಡ್ಡ ತೊಟ್ಟಿಯ ಹತ್ತಿರ ಮುಖ್ಯ ಪೈಪು ಒಡೆದಿದೆಯಂತೆ, ಅರ್ಧ ಊರಿಗೆ ನೀರಿಲ್ಲವಂತೆ, ಕೂಡಲೇ ಪ್ರಕಟಿಸಬೇಕಂತೆ. ನಿರ್ದೇಶಕರು ಕೈಯೆತ್ತಿ ಕೊಳಲು ನಿಲ್ಲಿಸಿ, ಪ್ರಕಟಿಸಿ, ಒಂದು ಗಳಿಗೆ ಯೋಚಿಸಿದರು. ಅವರ ಮುಖದಲ್ಲಿ ಬೆಕ್ಕಿಗೆ ಹಾಲಿನ ಪಾತ್ರೆ ಕಂಡ ಬೆಳಕು ಮೂಡಿತು.

“ಕೇಳುಗರೇ, ಎಂಥ ಭಾಗ್ಯ ನೋಡಿ! ನೀರು ಕಚೇರಿಯ ದೂರು ವಿಭಾಗವೇ ಈಗ ನಮ್ಮ ನಿಲಯದಲ್ಲಿ ಕೂತಿದೆ. ಕರೆ ಮಾಡಿ, ನೇರವಾಗಿ ಕೇಳಿ!”

“ಸಾರ್, ಕೊಳಲು...” ಎಂದ ಗುಮಾಸ್ತ.

“ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಊದಿ. ಖಾಲಿ ಬಿಡಬಾರದು.”

ಕರೆಗಳು ಇರುವೆ ಸಾಲಿನಂತೆ ಬಂದವು. ಮೊದಲನೆಯವರು ನಿವೃತ್ತ ಮೇಷ್ಟ್ರು. “ಕೊಳಲು ಬಹಳ ಚೆನ್ನಾಗಿತ್ತಪ್ಪ, ನಾನು ಈಗ ತಾನೇ ರೇಡಿಯೋ ಹಾಕಿದೆ. ನಮ್ಮನೆ ನಲ್ಲೀಲಿ ಮೂರು ತಿಂಗಳಿಂದ ಬರೀ ಗಾಳಿ ಬರ್ತಿದೆಯಲ್ಲ, ಅದನ್ನೂ ನೀನೇ ಊದ್ತಿದೀಯಾ?”

ಗುಮಾಸ್ತ ಉತ್ತರ ಹೇಳಿದ. ಹನ್ನೊಂದು ಸೆಕೆಂಡು ಊದಿದ. ಮುಂದಿನ ಕರೆ ಕಟಿಂಗ್ ಅಂಗಡಿಯದು: “ಕೇಳುಗರ ಗಮನಕ್ಕೆ, ಇವರ ಇವತ್ತಿನ ಕ್ಷೌರ ನಮ್ಮದು. ಆದ್ರೆ ಅಂಗಡೀಲಿ ನೀರಿಲ್ಲ, ಒಬ್ಬರ ಮುಖಕ್ಕೆ ಸೋಪು ಹಾಗೇ ಒಣಗ್ತಿದೆ.” ಮತ್ತೆ ಒಂಬತ್ತು ಸೆಕೆಂಡು. ಆಮೇಲೆ ಟೈಲರಮ್ಮ: “ಮೊದಲಿಗೆ ಪರ್ ಅಂದಿತಲ್ಲ ಅಣ್ಣ, ಅದು ನನ್ನ ಕೋಟು ತಾನೇ?” ಆಮೇಲೆ ಸ್ವಂತ ಭಾವಮೈದ: “ಭಾವ, ಸ್ನಾನಕ್ಕೆ ಅಂತ ಮೈಗೆಲ್ಲ ಸೋಪು ಹಚ್ಕೊಂಡು ನಿಂತಿದೀನಿ. ಏನಾದ್ರೂ ಮಾಡಿ!”

ಅವನು ಎಲ್ಲರಿಗೂ ಸಮಾಧಾನ ಹೇಳಿದ. ದೂರು ವಿಭಾಗದಲ್ಲಿ ಹದಿನಾಲ್ಕು ವರ್ಷದ ಅಭ್ಯಾಸ; ನಾಲಿಗೆ ತಾನಾಗಿಯೇ ಓಡಿತು. ಕೊನೆಯ ಎರಡು ನಿಮಿಷ ಉಳಿದಾಗ ಬಂದ ಧ್ವನಿ ಕೇಳಿ ಮಾತ್ರ ಅವನ ಕೈಯಿಂದ ಕೊಳಲು ಜಾರಿತು.

“ನಾನು ನೀರು ಕಚೇರಿಯಿಂದ ಮಾತಾಡ್ತಿರೋದು,” ಎಂದರು ದೊಡ್ಡ ಸಾಹೇಬರು. “ಹೊಟ್ಟೆನೋವು ಹೇಗಿದೆ?”

ನಿಲಯದಲ್ಲಿ ಮೊಟ್ಟೆಯ ಟ್ರೇಗಳು ಉಸಿರಾಡಿದ್ದರೂ ಕೇಳಿಸುತ್ತಿತ್ತು.

“ಈಗ... ಈಗ ಶುರುವಾಗಿದೆ ಸಾರ್.”

“ಹಾಗೇ ಎದ್ದು ಕಚೇರಿಗೆ ಬನ್ನಿ.”

ದಾರಿಯುದ್ದಕ್ಕೂ ಗುಮಾಸ್ತ ಮನಸ್ಸಿನಲ್ಲೇ ಅಮಾನತ್ತಿನ ಆದೇಶ ಓದಿಕೊಂಡ. ನಿರ್ದೇಶಕರು ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟಿದ್ದರು, ಕಲಾವಿದನನ್ನಲ್ಲ, ಅವನ ಬಲತೋಳನ್ನು: ಅವನ ಜೊತೆ ಕೈ ಕುಲುಕುವ ಹತ್ತನೆಯ ಫೋಟೋ ತೆಗೆಸಿಕೊಂಡು, ಅದರಲ್ಲಿ ತೋಳಷ್ಟೇ ಬಂದರೆ ಸಾಕೆಂದು ಹೇಳಿ.

ಸಾಹೇಬರ ಕೋಣೆಯಲ್ಲಿ ಮೂರು ಮಂದಿ ಕೂತಿದ್ದರು. ಗುಮಾಸ್ತ ಬಾಗಿಲಲ್ಲೇ ಕೈ ಮುಗಿದು, “ಸಾರ್, ತಪ್ಪಾಯ್ತು. ಸುಳ್ಳು ಹೇಳಿದೆ. ಹೆಂಡತಿ ಮಕ್ಕಳಿರೋನು,” ಎಂದ.

“ಕೂತ್ಕೊಳ್ರಿ!” ಸಾಹೇಬರು ಎದ್ದು ಬಂದು ಅವನ ಬೆನ್ನು ತಟ್ಟಿದರು, ತಟ್ಟಿದಲ್ಲಿ ಕೋಟು ಇನ್ನಷ್ಟು ಬಿರಿಯಿತು. “ನಾನು ಇಲ್ಲಿಗೆ ಬಂದು ಆರು ವರ್ಷ. ಈ ಊರಿನ ಜನ ನಮ್ಮ ಇಲಾಖೆ ಬಗ್ಗೆ ಒಂದು ಒಳ್ಳೆ ಮಾತಾಡಿದ್ದು ಇವತ್ತೇ. ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ದೂರು, ಒಬ್ಬರೂ ಕೂಗಾಡಲಿಲ್ಲ. ಯಾಕೆ ಗೊತ್ತಾ?”

“ಗೊತ್ತಿಲ್ಲ ಸಾರ್.”

“ನಿಮ್ಮ ಕೊಳಲು! ನಡುನಡುವೆ ಊದಿದ್ರಲ್ಲ, ಅಷ್ಟರಲ್ಲಿ ಜನ ತಣ್ಣಗಾಗಿಬಿಡ್ತಿದ್ರು. ಸಂಗೀತ ಅಂದ್ರೆ ಸೋಮಾರಿತನ ಅಂದುಕೊಂಡಿದ್ದೆ. ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಯಾರೂ ನನಗೆ ಹೇಳೇ ಇರಲಿಲ್ಲ.”

ಗುಮಾಸ್ತನ ಕಣ್ಣು ತುಂಬಿಬಂತು. ಮನೆಯಲ್ಲಿ ಸಿಗದ, ಬೀದಿಯಲ್ಲಿ ಸಿಗದ, ಕಲಾವಿದರನ್ನು ಉಸಿರೆನ್ನುವ ನಿಲಯದಲ್ಲೂ ಸಿಗದ ಮಾತು ಶಿಳ್ಳೆಗೆ ನೋಟೀಸು ಕೊಟ್ಟ ಬಾಯಿಂದ ಬಂದಿತ್ತು. “ಸಾರ್, ಅದು ಏಳು ನಿಮಿಷದ್ದು. ಪೂರ್ತಿ ಬೇಕಿದ್ರೆ ಈಗಲೇ...”

“ಬೇಡ ಬೇಡ, ನಲವತ್ತು ಸೆಕೆಂಡು ಸಾಕು. ಮೊದಲಿಗೆ ಊದಿದ ತುಂಡನ್ನ ನಿಲಯದ ಆ ಯಂತ್ರದಮ್ಮ ಆಗಲೇ ಕಳಿಸಿಕೊಟ್ಟಾಯ್ತು.” ಸಾಹೇಬರು ಮೂವರಲ್ಲಿ ಒಬ್ಬನ ಕಡೆ ಕೈ ತೋರಿದರು. “ಇವರು ಟೆಲಿಫೋನಿನವರು. ನಮ್ಮ ದೂರಿನ ಫೋನಿಗೆ ಕರೆ ಮಾಡಿದವರು ಸರದಿ ಬರೋವರೆಗೂ ಇನ್ಮೇಲೆ ಅದನ್ನೇ ಕೇಳ್ತಿರ್ತಾರೆ. ಊರಿಗೆ ಊರೇ ನಿಮ್ಮ ಶ್ರೋತೃ! ಹೋಗಿ, ಮೇಜಿಗೆ ಕೂತ್ಕೊಳ್ಳಿ. ರಜೆ ರದ್ದು ಮಾಡಿದೀನಿ.”

ಮೂರು ಗಂಟೆಗೆ ಹೊಸ ವ್ಯವಸ್ಥೆ ಜಾರಿಗೆ ಬಂತು. ಪೈಪು ಇನ್ನೂ ಒಡೆದೇ ಇತ್ತು, ಅರ್ಧ ಊರು ಕರೆ ಮಾಡುತ್ತಿತ್ತು, ಫೋನೆತ್ತುವವನು ಒಬ್ಬನೇ. ಒಬ್ಬೊಬ್ಬರೂ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಇಪ್ಪತ್ತು ನಿಮಿಷಕ್ಕೆ ನಲವತ್ತು ಸೆಕೆಂಡಿನ ಅದೇ ಕೊಳಲು ಮೂವತ್ತು ಸಲ. ದೇವಲೋಕದ ಗಂಧರ್ವ ಊದಿದ್ದರೂ ಎಂಟನೆಯ ಸಲಕ್ಕೆ ಅವನ ಕುತ್ತಿಗೆ ಹಿಸುಕಬೇಕೆನಿಸುತ್ತಿತ್ತು. ಹೀಗಾಗಿ ಗುಮಾಸ್ತನ ಕಿವಿ ಮುಟ್ಟುವ ಹೊತ್ತಿಗೆ ಜನ ನೀರನ್ನು ಮರೆತು ಕೊಳಲನ್ನು ಬೈಯುತ್ತಿದ್ದರು. ಅವನು ಅದನ್ನೂ ದೂರಿನ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಯಾವ ದೂರನ್ನೂ ಬಿಡಬಾರದೆಂಬುದು ನಿಯಮ.

ನಾಲ್ಕೂವರೆಗೆ ಬಂದ ಕರೆಯ ಧ್ವನಿ ಮರ ಉಜ್ಜುವ ಕಾಗದದಂತಿತ್ತು. “ನಾನು ರೇಡಿಯೋ ನಿಲಯದ ನಿರ್ದೇಶಕ! ಕೈ ತೊಳೆಯೋಕೆ ಹನಿ ನೀರಿಲ್ಲ ಇಲ್ಲಿ. ಅದಿರಲಿ, ಅರ್ಧ ಗಂಟೆಯಿಂದ ಕಿವಿಗೆ ಮೊಳೆ ಹೊಡೀತಿದ್ದೀರಲ್ಲ, ಯಾರ್ರೀ ಅದು, ಆ ಕೊಳಲು ಊದಿರೋನು? ಸಂಗೀತದ ಗಂಧ ಗಾಳಿ ಇಲ್ಲದವನು!”

ಗುಮಾಸ್ತ ದೂರಿನ ಪುಸ್ತಕದ ಹೊಸ ಹಾಳೆ ತಿರುವಿದ. “ಊರಿನ ಕಲಾವಿದರೇ ಸಾರ್.”

“ಊರಿನವನಾ? ಸಾಧ್ಯವೇ ಇಲ್ಲ. ಊರಿನ ಒಬ್ಬೊಬ್ಬ ಕಲಾವಿದನೂ ನನಗೆ ಗೊತ್ತು, ನನ್ನ ಕೈಯಲ್ಲಿ ಬೆಳೆದವರು. ಇಂಥವನಿಗೆ ಅವಕಾಶ ಕೊಟ್ಟ ಮೂರ್ಖ ಯಾರು ಅಂತ ಮೊದಲು ಬರ್ಕೊಳ್ಳಿ!”

“ನಿಮ್ಮ ಹೆಸರು ಹೇಳಿ ಸಾರ್,” ಎಂದು ಗುಮಾಸ್ತ ಪೆನ್ನು ತೆಗೆದುಕೊಂಡ, “ಬರ್ಕೊಳ್ತೀನಿ.”