ಹಾಲಿನ ಜ್ಞಾನಸ್ನಾನ

ಎಲ್ಲಕ್ಕೂ ಕಾರಣ ಒಂದು ಬಿಕ್ಕಳಿಕೆ.

ಗಡಿಯಾರ ರಿಪೇರಿಯವನ ಮಗಳಿಗೆ ಅಂದು ಜ್ಞಾನಸ್ನಾನ. ಚರ್ಚಿನ ಬಾಗಿಲಲ್ಲಿ ಮಗು ಬಿಕ್ಕಳಿಸಿತು. ಅವನು ಗಾಬರಿಯಾದ. ಪಕ್ಕದ ಮನೆಯ ನರ್ಸಮ್ಮ ಸಮಾಧಾನ ಹೇಳಿದರು.

"ಹೆದರಬೇಡಪ್ಪ. ಶುಕ್ರವಾರ ನೀವು ಗಂಡ ಹೆಂಡ್ತಿ ಮಗೂನ ನನ್ನ ಹತ್ರ ಬಿಟ್ಟು ಬಟ್ಟೆ ತರೋಕೆ ಹೋದಾಗ ಹಾಲು ನೆತ್ತಿಗೇರಿ ಮುಖ ನೀಲಿ ಆಗಿತ್ತು. ಆಗ್ಲೇ ನಾನು ಜ್ಞಾನಸ್ನಾನ ಮಾಡಿಬಿಟ್ಟಿದೀನಿ."

ಬಾಗಿಲಿಗೆ ಚಿಲಕ ಹಾಕಿ ಬಂದೆ ಎನ್ನುವಷ್ಟು ಸಲೀಸಾಗಿತ್ತು ಆ ಮಾತು. ಬೆನ್ನ ಹಿಂದೆಯೇ ನಿಂತಿದ್ದ ಪಾದ್ರಿಗಳ ಕಿವಿಗೂ ಅದು ಬಿತ್ತು.

"ಹಾಗಾದ್ರೆ ನನಗೇನು ಕೆಲಸ?" ಎಂದರು ಅವರು. "ಜೀವ ಹೋಗೋ ಹೊತ್ತಲ್ಲಿ ಯಾರು ಮಾಡಿದ್ರೂ ಆದಂಗೇ. ಜ್ಞಾನಸ್ನಾನ ಎರಡು ಸಲ ಮಾಡೋ ಹಾಗಿಲ್ಲ."

ಬೆಂಚುಗಳ ತುಂಬ ನೆಂಟರು. ಫೋಟೋದವನು ದೀಪ ಜೋಡಿಸಿಯಾಗಿತ್ತು. ಗಡಿಯಾರದವನು ಸ್ಪ್ರಿಂಗ್ ಕಳಚಿದ ಟೈಂಪೀಸಿನಂತೆ ನಿಂತ.

"ಇನ್ನೊಂದ್ಸಲ ಮಾಡಿ ಸ್ವಾಮಿ," ಎಂದ ಎದುರುಮನೆಯ ದರ್ಜಿ. "ಎರಡು ಹೊಲಿಗೆ ಹಾಕಿದ್ರೆ ಗಟ್ಟಿ ಅಲ್ವಾ?"

"ಕೃಪೆ ಏನು ಪ್ಯಾಂಟೇನಯ್ಯ?" ಎಂದು ಪಾದ್ರಿಗಳು ಅವನನ್ನು ಕೂರಿಸಿದರು. ಆಮೇಲೆ ಏನೋ ಹೊಳೆದಂತೆ ನರ್ಸಮ್ಮನ ಕಡೆ ತಿರುಗಿದರು. "ಅಂದ ಹಾಗೆ, ನೀರು ಎಲ್ಲಿಂದ ತಂದ್ರಿ?"

"ನೀರೆಲ್ಲಿತ್ತು ಸ್ವಾಮಿ? ಕೈಲಿದ್ದಿದ್ದು ಹಾಲಿನ ಬಾಟ್ಲಿ. ಅದನ್ನೇ ಹಣೆ ಮೇಲೆ ಸುರಿದೆ. ಮಂತ್ರ ಮಾತ್ರ ಒಂದಕ್ಷರ ತಪ್ಪಿಲ್ಲ."

ಪಾದ್ರಿಗಳ ಮುಖ ಅರಳಿತು. "ಹಾಲಾದ್ರೆ ಆಗಿಲ್ಲ. ನೀರೇ ಆಗ್ಬೇಕು. ಬನ್ನಿ ಒಳಗೆ."

ಗಡಿಯಾರದವನಿಗೆ ಹೋದ ಜೀವ ಬಂತು. ಆದರೂ ಅಪ್ಪನ ಕರುಳು. ಜ್ಞಾನಸ್ನಾನದ ತೊಟ್ಟಿಯ ಹತ್ತಿರ ಮೆಲ್ಲಗೆ ಕೇಳಿದ, "ಸ್ವಾಮಿ, ಅವತ್ತೇ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ? ಮಗೂಗೆ ದೇವರ ಕೃಪೆ ಸಿಗ್ತಿರ್ಲಿಲ್ವಾ?"

ಪಾದ್ರಿಗಳು ಅವನ ಹೆಗಲ ಮೇಲೆ ಕೈಯಿಟ್ಟರು. "ಸಂಸ್ಕಾರಕ್ಕೆ ಕಟ್ಟುಬಿದ್ದಿರೋದು ನಾವು ಕಣಯ್ಯ, ದೇವರಲ್ಲ. ಅವನು ಮಳೆ ಸುರಿಸಿಯಾದ್ರೂ ಬಿಂದಿಗೆ ತುಂಬ್ತಾನೆ. ಹಾಗಂತ ಮನೆಬಾಗಿಲಿಗೆ ನಲ್ಲಿ ಹಾಕ್ಸಿಕೊಟ್ಟಿರೋವಾಗ ನಾವು ಆಕಾಶ ನೋಡ್ತಾ ಕೂರೋದಾ?"

ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಅವನ ಅಮ್ಮ, ಯಾವತ್ತೂ ಚರ್ಚಿನಲ್ಲಿ ದನಿಯೆತ್ತದವಳು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಸ್ವಾಮಿ, ಎಣ್ಣೆ ಆಗುತ್ತಾ?"

"ಎಣ್ಣೇನೂ ಆಗಲ್ಲ. ಯಾಕಮ್ಮ?"

"ಇವನು ಹುಟ್ಟಿದಾಗ ಉಸಿರೇ ಇರ್ಲಿಲ್ಲ. ಮೈಗೆ ತಿಕ್ಕೋಕೆ ಅಂತ ನಮ್ಮತ್ತೆ ಕೈಲಿ ಎಣ್ಣೆ ಬಟ್ಟಲಿತ್ತು. ಅದನ್ನೇ ತಲೆ ಮೇಲೆ ಸುರಿದು ಮಂತ್ರ ಹೇಳಿದ್ರು. ಆಮೇಲೆ ಚರ್ಚಲ್ಲಿ, ಮನೇಲೇ ಆಗಿದೆ ಅಂದ್ವಿ. ಉಳಿದ ವಿಧಿ ಮಾತ್ರ ಮಾಡಿಸಿದ್ರು. ಯಾವುದರಲ್ಲಿ ಅಂತ ಯಾರೂ ಕೇಳ್ಲಿಲ್ಲ."

ನೆಂಟರೆಲ್ಲ ಗಡಿಯಾರದವನ ಕಡೆ ತಿರುಗಿದರು.

"ಬಾರಯ್ಯ," ಎಂದರು ಪಾದ್ರಿಗಳು. "ಹುಟ್ಟಿದಾಗಿಂದ ಇಲ್ಲಿಗೆ ಬರ್ತಾ ಇದೀಯ. ದೊಡ್ಡವರಿಗೆ ಮೊದಲು ಕಲಿಸೋ ಧರ್ಮಪಾಠ ನಿನಗೆ ಬೇಡ. ಮಗಳ ಜತೆ ನೀನೂ ತಲೆ ಬಗ್ಗಿಸು."

ಮಗು ತಣ್ಣಗೆ ನಿದ್ದೆ ಮಾಡುತ್ತಲೇ ಜ್ಞಾನಸ್ನಾನ ಮುಗಿಸಿಕೊಂಡಿತು. ಕೀರಲು ಧ್ವನಿ ಹೊರಟಿದ್ದು ಅಪ್ಪನಿಂದ. ನೀರು ಅಷ್ಟು ತಣ್ಣಗಿತ್ತು. ಫೋಟೋದವನು ಸರಿಯಾಗಿ ಆಗಲೇ ಕ್ಲಿಕ್ಕಿಸಿದ. ಆದರೂ ತಲೆ ಎತ್ತಿದಾಗ ಗಡಿಯಾರದವನಿಗೆ ಒಳಗೆಲ್ಲ ಎಣ್ಣೆ ಬಿಟ್ಟು ಒರೆಸಿದ ಗಡಿಯಾರದ ಹಾಗೆ ಹಗುರವೆನಿಸಿತು.

ದರ್ಜಿಗೆ ಬಾಯಿ ಕಟ್ಟಿಕೊಂಡಿರಲಾಗಲಿಲ್ಲ. "ಹಾಗಾದ್ರೆ ಇವನ ಮದುವೆ ಸ್ವಾಮಿ? ಅದು ಆದಂಗಾ, ಇಲ್ವಾ?"

ಪಾದ್ರಿಗಳು ಗಡ್ಡ ಕೆರೆದುಕೊಂಡರು. "ಅದೂ ಅನುಮಾನವೇ. ಆಗ ಇವನಿಗೆ ಜ್ಞಾನಸ್ನಾನ ಆಗಿರ್ಲಿಲ್ವಲ್ಲ. ದೊಡ್ಡ ವಿಷಯ ಏನಲ್ಲ. ಇಬ್ಬರೂ ಮನಸಾರೆ ಇನ್ನೊಂದ್ಸಲ ಒಪ್ಪಿಗೆ ಹೇಳಿದ್ರೆ ಆಯ್ತು. ಇಲ್ಲೇ ಮುಗಿಸಿಬಿಡೋಣ. ಏನಯ್ಯಾ?"

"ಒಪ್ಪಿಗೆ," ಎಂದ ಗಡಿಯಾರದವನು, ಕಿವಿಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ.

"ನೀನೇನಮ್ಮ?"

ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು, ಗಂಡನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಹೋದ್ಸಲ ಗಡಿಬಿಡೀಲಿ ಹೂಂ ಅಂದುಬಿಟ್ಟಿದ್ದೆ," ಎಂದಳು. "ಈ ಸಲ ಯೋಚನೆ ಮಾಡಿ ಹೇಳ್ತೀನಿ ಸ್ವಾಮಿ."