ಸಿಸಿಲಿಯಾಗೆ ಏನೂ ಇಲ್ಲವಂತೆ!

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಕುಂದಾಪುರ ತಾಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದಷ್ಟು ವರ್ಷವೂ ಡೆಸ್ಕಿನ ಕೆಳಗೆ ಉಪ್ಪು ಹಚ್ಚಿದ ಹುಣಸೆಹಣ್ಣು ಚೀಪುತ್ತಾ ಒಮ್ಮೆಯೂ ಸಿಸ್ಟರ್ ಕೈಗೆ ಸಿಕ್ಕಿಬೀಳದವಳು ನಾನು. ಅಂಥವಳಿಗೆ ಗುಟ್ಟಾಗಿ ಒಂದು ರಕ್ತಪರೀಕ್ಷೆ ಮಾಡಿಸಿಕೊಂಡು ಬರುವುದು ಏನು ಮಹಾ ಕೆಲಸ?

ಇದೆಲ್ಲ ಶುರುವಾದದ್ದು ಒಂದು ಫೋನಿನಿಂದ. ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಇವರು, ಅಂದರೆ ನನ್ನ ಯಜಮಾನರು, ಮದುವೆಗೆ ಮುಂಚೆ ಮುಂಬಯಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದವರು. ಆಮೇಲೆ ಊರಿಗೆ ಬಂದು ಪಾತ್ರೆ ಅಂಗಡಿ ಹಾಕಿದರು. ಆ ದಿನ ಬೆಳಿಗ್ಗೆ ನೀರುದೋಸೆ ತಿನ್ನುತ್ತಿದ್ದಾಗ ಮುಂಬಯಿಯಿಂದ ಫೋನು ಬಂತು. ಅವರ ಹಳೆಯ ರೂಮಿನ ಸ್ನೇಹಿತ ಆಸ್ಪತ್ರೆಯಲ್ಲಿದ್ದಾನಂತೆ. ಫೋನು ಇಟ್ಟವರು ದೋಸೆಯನ್ನು ಚಟ್ನಿಯಲ್ಲಿ ಅದ್ದಿ ಅದ್ದಿ ಮುದ್ದೆ ಮಾಡಿದರೇ ಹೊರತು ಬಾಯಿಗೆ ಇಡಲಿಲ್ಲ.

"ಎಂತ ಆಯ್ತ್?" ಎಂದೆ.

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅವ್ನಿಗೆ ಎಚ್‌ಐವಿ ಅಂಬ್ರ್."

"ಅಯ್ಯೋ, ಪಾಪ!"

"ಅವ್ನ್ ಹೋಪಲ್ಲಿಗೆ ನಾನೂ ಒಂದ್ ಸಲ ಹೋಯಿದ್ದೆ."

ಅಂದಿದ್ದ 'ಪಾಪ'ವನ್ನು ತಕ್ಷಣ ವಾಪಸು ಪಡೆಯಬೇಕೆನಿಸಿತು!

"ಮದಿ ಆಪುಕೆ ಎಷ್ಟೋ ಮುಂಚೆ ಮಾರಾಯ್ತಿ. ನೀ ಎಲ್ಲಿ, ನಾ ಎಲ್ಲಿ ಆಗ! ಒಂದೇ ಸಲ." ಅವರ ಕಣ್ಣು ತುಂಬಿಕೊಂಡಿತ್ತು.

ನಾನು ಅಳಲಿಲ್ಲ, ಬೈಯಲಿಲ್ಲ. ಅಭ್ಯಾಸಬಲದಿಂದ ಇನ್ನೊಂದು ದೋಸೆ ಬಡಿಸಿದೆ. ಅವರು ಹೆದರಿಕೆಯಿಂದ ಎರಡನ್ನೂ ತಿಂದರು.

ಹೆದರಿಕೆ ನನಗೆ ಬಂದದ್ದು ಆಮೇಲೆ, ಮಗಳಿಗೆ ಜಡೆ ಹೆಣೆಯುವಾಗ. ಎರಡನೇ ಕ್ಲಾಸಿನ ಹುಡುಗಿ, ಕನ್ನಡಿಯಲ್ಲಿ ನನ್ನನ್ನೇ ನೋಡಿ ನಗುತ್ತಿದ್ದಳು. ಇವರಿಗೆ ಇದ್ದರೆ ನನಗೆ, ನನಗೆ ಇದ್ದರೆ ಇವಳಿಗೆ... ರಿಬ್ಬನ್ನು ಮೂರು ಸಲ ಕಟ್ಟಿದರೂ ಗಂಟು ಬೀಳಲಿಲ್ಲ.

ಕೂಡಲೇ ರಕ್ಷಣಾ ಕಾರ್ಯಾಚರಣೆಗೆ ಇಳಿದೆ. ಪಾತ್ರೆ ಅಂಗಡಿಯವರ ಮನೆಯಲ್ಲಿ ಲೋಟಕ್ಕೆ ಬರವೇ? ಇವರ ಮತ್ತು ನನ್ನ ಲೋಟದ ತಳಕ್ಕೆ ಕೆಂಪು ನೇಲ್ ಪಾಲಿಶ್‌ನಿಂದ ಗುರುತು ಹಾಕಿ ಬೇರೆ ಇಟ್ಟೆ. ಸಂಜೆಯ ಹೊತ್ತಿಗೆ ಮಗಳು, ಚೆಂದ ಕಾಣುತ್ತದೆಂದು, ಉಳಿದೆಲ್ಲ ಲೋಟಗಳಿಗೂ ಹಚ್ಚಿಟ್ಟಿದ್ದಳು. ನನ್ನ ಗಡಿರೇಖೆ ಒಂದೇ ದಿನದಲ್ಲಿ ಅಳಿಸಿಹೋಯಿತು!

"ಎಂತ ಇದ್, ಲೋಟಕ್ಕೆಲ್ಲ ಬಣ್ಣ?" ಎಂದರು ಅತ್ತೆ.

"ಕಳ್ದ್ ಹೋಪುದು ಬ್ಯಾಡ ಅಂದೇಳಿ, ಅತ್ತೆ."

"ಮನಿಯೊಳಗಿನ ಲೋಟ ಎಲ್ಲಿಗ್ ಹೋತ್ತ್?"

ಅವರು ಹೆಚ್ಚು ಕೆದಕಲಿಲ್ಲ. ಅವರಿಗೆ ಬೇರೆ ಚಿಂತೆಯಿತ್ತು. ಮುಂಬಯಿಯಲ್ಲಿದ್ದ ದಾಯಾದಿಯೊಬ್ಬರು ತೀರಿಕೊಂಡ ಸುದ್ದಿ ಬಹಳ ತಡವಾಗಿ ಬಂದಿತ್ತು. "ಸತ್ ದಿನ ಯಾವ್ದಾದ್ರೂ ಆಯ್ಲಿ, ನಮ್ಗ್ ಸೂತಕ ಕೇಂಡ ದಿನದಿಂದ" ಎಂದು ತೀರ್ಪು ಕೊಟ್ಟು, ಸುದ್ದಿ ಕೇಳಿದ ದಿನದಿಂದ ಸೂತಕ ಎಣಿಸುತ್ತಾ, ದೇವರ ಕೋಣೆಯ ಬಾಗಿಲು ಹಾಕಿ ಕೂತಿದ್ದರು. ಆ ವಾರವೆಲ್ಲ ಮನೆಯಲ್ಲಿ ಅದೇ ಲೆಕ್ಕ, ಅದೇ ಮಾತು.

ಇವರು ಸಾಮಾನು ತರುವ ನೆಪದಲ್ಲಿ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಸೋಂಕಿಲ್ಲ! ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮನೆಯಲ್ಲಿ ವಿದ್ಯಾವಂತೆ ಒಬ್ಬಳಿದ್ದಳಲ್ಲ!

"ಇದ್ ನಡಿಯುದಿಲ್ಲೆ," ಎಂದೆ ಗಂಭೀರವಾಗಿ. "ವಿಂಡೋ ಪೀರಿಯಡ್ ಅಂತ ಇತ್ತ್. ನಾನ್ ಮ್ಯಾಗಝಿನಗ್ ಓದಿದ್ದೆ. ಮೂರ್ ತಿಂಗ್ಳ್ ಆಪುಕ್ ಮುಂಚೆ ಪರೀಕ್ಷೆ ಮಾಡ್ರೆ ರೋಗ ಇದ್ರೂ ಕಾಂಬುದಿಲ್ಲೆ. ನೀವ್ ಹೇಳಿ ಒಂದ್ ವಾರವೂ ಆಯ್ಲಿಲ್ಲ!"

"ಹೌದಾ?" ಇವರ ಮುಖ ಮತ್ತೆ ಬಾಡಿತು. "ನೀ ಕಾನ್ವೆಂಟಗ್ ಓದ್ದವ್ಳ್. ನಿಂಗ್ ಗೊತ್ತಿರ್ತ್."

ಹಾಗೆಂದು ತಾವೇ ಚಾಪೆ ಸುತ್ತಿಕೊಂಡು ಚಾವಡಿಗೆ ಹೋದರು. ಅತ್ತೆ ಕೇಳಿದರೆ "ಸೆಕೆ" ಎಂದರು. ಹೊರಗೆ ಆಷಾಢದ ಮಳೆ ಹೊಯ್ಯುತ್ತಿತ್ತು!

ಮೂರು ತಿಂಗಳು ಕಾಯಬೇಕು ಎಂದು ಆಜ್ಞೆ ಹೊರಡಿಸಿದವಳು ನಾನು, ಕಾಯಲಾಗದವಳೂ ನಾನೇ. ನನ್ನ ರಕ್ತವನ್ನಾದರೂ ಒಮ್ಮೆ ನೋಡಿಸಿಬಿಡೋಣ ಎಂದುಕೊಂಡೆ. ಆದರೆ ಎಲ್ಲಿ? ನಮ್ಮ ಕಡೆ ಒಂದು ಕ್ರಮವಿದೆ. ಬೈಂದೂರಿನವರು ಗುಟ್ಟಿನ ಕೆಲಸಕ್ಕೆ ಕುಂದಾಪುರಕ್ಕೆ ಬರುತ್ತಾರೆ, ಕುಂದಾಪುರದವರು ಬ್ರಹ್ಮಾವರಕ್ಕೆ ಹೋಗುತ್ತಾರೆ. ಹೀಗಾಗಿ ಪ್ರತಿಯೊಂದು ಊರಿನ ಗುಟ್ಟೂ ಪಕ್ಕದ ಊರಿನಲ್ಲಿ ಕ್ಷೇಮವಾಗಿರುತ್ತದೆ. ಸೀರೆಗೆ ಫಾಲ್ ತರುತ್ತೇನೆಂದು ಅತ್ತೆಗೆ ಹೇಳಿ ಬ್ರಹ್ಮಾವರದ ಬಸ್ಸು ಹತ್ತಿದೆ.

ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಪುಟ್ಟ ಲ್ಯಾಬು. ಮೇಜಿನ ಹಿಂದಿದ್ದ ಹೆಂಗಸು "ಹೆಸ್ರ್?" ಎಂದಳು. ಸುಳ್ಳು ಹೆಸರನ್ನು ಯೋಚಿಸಿಕೊಂಡು ಹೋಗಬೇಕೆಂಬ ಅಲ್ಪಜ್ಞಾನವೂ ನನಗಿರಲಿಲ್ಲ. ಬಾಯಿಗೆ ಬಂದದ್ದು, ಶಾಲೆಯಲ್ಲಿ ನನ್ನ ಪಕ್ಕ ಕೂತು ಹುಣಸೆಹಣ್ಣಿನಲ್ಲಿ ಪಾಲು ಪಡೆಯುತ್ತಿದ್ದ ಗೆಳತಿಯ ಹೆಸರು.

"ಸಿಸಿಲಿಯಾ ಪಿಂಟೊ."

ಅವಳು ತಲೆಯೆತ್ತಿ ನನ್ನ ಕುಂಕುಮ ನೋಡಿದಳು. ಕರಿಮಣಿ ನೋಡಿದಳು. ಮುಡಿದಿದ್ದ ಅಬ್ಬಲಿಗೆಯನ್ನೂ ನೋಡಿದಳು. ಬರೆದುಕೊಂಡಳು.

"ಯಾವ ಟೆಸ್ಟ್?"

ಬೆಂಚಿನ ತುಂಬ ಜನ! "ಎಲ್ಲಾ ಟೆಸ್ಟ್ ಮಾಡಿ," ಎಂದು ದೊಡ್ಡದಾಗಿ ಹೇಳಿ, ಬಗ್ಗಿ, "ಎಚ್‌ಐವಿದೂ" ಎಂದು ಪಿಸುಗುಟ್ಟಿದೆ. ಸಕ್ಕರೆ, ಥೈರಾಯ್ಡ್, ಕೊಬ್ಬು ಎಲ್ಲವೂ ನನ್ನ ಮರ್ಯಾದೆಯ ರಕ್ಷಣೆಗೆ ಸಾಲಾಗಿ ನಿಂತವು.

ರಕ್ತ ಕೊಟ್ಟು ರಿಪೋರ್ಟಿಗೆ ಕಾಯುತ್ತಾ ಕೂತೆ. ಪಕ್ಕದಲ್ಲಿದ್ದ ವಯಸ್ಸಾದ ಕ್ರಿಶ್ಚಿಯನ್ ಹೆಂಗಸು, ನಮ್ಮೂರ ಮಾತಿನಲ್ಲಿ 'ಬಾಯಿ', ನನ್ನ ಕಡೆ ತಿರುಗಿ ಪ್ರೀತಿಯಿಂದ ಕೊಂಕಣಿಯಲ್ಲಿ ಏನೋ ಕೇಳಿದರು. ನನ್ನ ಕೊಂಕಣಿ ಮೀನು ಚೌಕಾಸಿಯಿಂದ ಆಚೆಗೆ ಹೋಗುವುದಿಲ್ಲ. ಸುಮ್ಮನೆ ನಕ್ಕೆ.

"ನಿಮ್ದ್ ಯಾವ ಇಗರ್ಜಿ?" ಎಂದು ಕನ್ನಡದಲ್ಲೇ ಕೇಳಿದರು. ಇಗರ್ಜಿ ಅಂದರೆ ಚರ್ಚು.

ಇಲ್ಲಿ ನಾನು ಸತ್ಯ ಹೇಳಬಹುದಿತ್ತು. "ನಾನ್ ಈಗ ಹೋಪುದಿಲ್ಲೆ ಬಾಯಿ," ಎಂದೆ. "ಹಿಂದೂ ಒಬ್ರನ್ನ್ ಮದಿ ಆದದ್."

"ಲವ್ವಾ?"

"ಹೂಂ."

"ಅಪ್ಪ ಅಮ್ಮ ಮಾತಾಡ್ತ್ರಾ?"

"ಇಲ್ಲೆ."

ಬಾಯಿ ನನ್ನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು. ವಾರಕ್ಕೊಮ್ಮೆ ಪತ್ತೊಡೆ ಮಾಡಿ ಕಳಿಸುವ ನನ್ನ ಅಮ್ಮನನ್ನು ನೆನೆದು ನಾನೂ ಅತ್ತುಬಿಟ್ಟೆ. ಅಷ್ಟು ದಿನದ ಅಳು ಆ ಬೆಂಚಿನ ಮೇಲೆ, ಆ ಸುಳ್ಳಿನ ನೆಪದಲ್ಲಿ, ಧಾರಾಳವಾಗಿ ಹರಿಯಿತು.

"ಸಿಸಿಲಿಯಾ ಪಿಂಟೊ!" ಎಂದು ಒಳಗಿನಿಂದ ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಪಾಪ, ಈ ಸಿಸಿಲಿಯಾ ಎಲ್ಲಿ ಹೋದಳೋ ಎಂದು ನಾನೂ ಸುತ್ತ ನೋಡಿದೆ!

ಬಾಯಿ ಮೊಣಕೈಯಿಂದ ತಿವಿದರು. "ಹ್ವಾಯ್, ನಿಮ್ಮನ್ನೇ!"

ಸೋಂಕಿಲ್ಲ. ಮೆಟ್ಟಿಲಿಳಿಯುವಾಗ ಮೈ ಹಗುರವಾಗಿತ್ತು. ಬಸ್ಸು ಸಾಲಿಗ್ರಾಮ ದಾಟುವಷ್ಟರಲ್ಲಿ ಮತ್ತೆ ಭಾರವಾಯಿತು. ಕಾಗದದ ಮೇಲೆ ಎಲ್ಲಿ ನೋಡಿದರೂ ಸಿಸಿಲಿಯಾ. ಹೆಸರು ಅವಳದು, ಆರೋಗ್ಯವೂ ಅವಳದೇ ಎನ್ನಿಸತೊಡಗಿತು. ನನ್ನ ಗತಿ ಏನು? ಹೋಗಲಿ, ರಕ್ತ ನನ್ನದೇ ಅಂದುಕೊಂಡರೂ ಮೂರು ತಿಂಗಳು ಆಗಿಲ್ಲವಲ್ಲ! ದುಡ್ಡು ಕೊಟ್ಟು ಹೆದರಿಕೆಯನ್ನೇ ಮನೆಗೆ ತಂದೆ. ಫಾಲ್ ತರುವುದು ಮರೆತಿತ್ತು.

ಅಂತೂ ನನ್ನ ಲೆಕ್ಕದ ಮೂರು ತಿಂಗಳು ತುಂಬಿದ ಮರುದಿನ ನಾವಿಬ್ಬರೂ ಕುಂದಾಪುರದ್ದೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಈ ಪರೀಕ್ಷೆ ಪುಕ್ಕಟೆ, ಹೆಸರು ಹೊರಗೆ ಹೋಗುವುದಿಲ್ಲ, ಕೂತು ಮಾತಾಡಲಿಕ್ಕೆ ಒಬ್ಬ ಆಪ್ತ ಸಮಾಲೋಚಕಿ ಬೇರೆ ಇದ್ದಾರೆ. ಇಷ್ಟು ದಿನ ದಿನವೂ ಅದೇ ಗೇಟಿನ ಮುಂದೆ ಹಾದು ಮಗಳನ್ನು ಶಾಲೆಗೆ ಬಿಡುತ್ತಿದ್ದೆ!

ಇವರ ಹಳೆಯ ಕಥೆ ಹೇಳಿ, ನಾನು ವಿಂಡೋ ಪೀರಿಯಡ್ ಬಗ್ಗೆ ಆ ಸಮಾಲೋಚಕಿಗೇ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, "ಮೂರ್ ತಿಂಗ್ಳ್ ಯಾವತ್ತಿಂದ ಲೆಕ್ಕ ಹಾಕಿದ್ರಿ?" ಎಂದರು.

"ಇವ್ರ್ ನಂಗ್ ಹೇಳಿದ್ ದಿನದಿಂದ."

ಅವರು ಪೆನ್ನು ಕೆಳಗಿಟ್ಟರು. "ಹೇಳಿದ್ ದಿನದಿಂದ ಅಲ್ಲ ಅಕ್ಕ, ಹೋದ ದಿನದಿಂದ! ಮದಿ ಆಪುಕ್ ಮುಂಚಿನ ಕಥಿ ಅಂದ್ರಿ. ಕೇಂಡ ದಿನದಿಂದ ಹಿಡಿಯುಕೆ ಇದೆಂತ ಸೂತಕವಾ?"

ಇವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಪೋಸ್ಟರನ್ನು ಅತ್ಯಂತ ಆಸಕ್ತಿಯಿಂದ ಓದಲಾರಂಭಿಸಿದೆ.

"ಆಮೇಲೆ ಎಲ್ಲಿಗಾದ್ರೂ ಹೋಯಿದ್ರ್ಯಾ?" ಎಂದು ಅವರು ಇವರನ್ನು ನೇರವಾಗಿ ಕೇಳಿದರು. "ಅಂಗಡಿ ಬಿಟ್ರೆ ಮನಿ, ಮನಿ ಬಿಟ್ರೆ ಅಂಗಡಿ," ಎಂದರು ಇವರು. ಹಾಗಿದ್ದರೆ ಮಂಗಳೂರಿನ ಪರೀಕ್ಷೆಯೇ ಸಾಕಿತ್ತಂತೆ. ನನ್ನ ಸಮಾಧಾನಕ್ಕೆಂದು ಇಬ್ಬರದೂ ಮತ್ತೊಮ್ಮೆ ಮಾಡಿದರು. ಇಬ್ಬರಿಗೂ ಇಲ್ಲ. ತಾಯಿಗಿಲ್ಲದ ಮೇಲೆ ಮಗಳಿಗೆ ತಾಯಿಯಿಂದ ಬರುವ ಮಾತೇ ಇಲ್ಲ. ಅದನ್ನು ನಾನು ಅವರ ಬಾಯಿಂದ ಎರಡು ಸಲ ಹೇಳಿಸಿದೆ. ಲೋಟದ ವಿಷಯ ಕೇಳಿ ಮಾತ್ರ ಅವರು ನಗಲಿಲ್ಲ. "ರೋಗ ಇದ್ದವ್ರ್ ಮನಿಯಲ್ಲೂ ಲೋಟ ಬೇರೆ ಮಾಡುದ್ ಬ್ಯಾಡ ಅಕ್ಕ. ಒಟ್ಟಿಗ್ ಉಂಡ್ರೆ, ಕುಡ್ದ್ರೆ ಬಪ್ಪುದಲ್ಲ ಅದ್," ಎಂದರು.

ಹೊರಗೆ ಬರುತ್ತಾ ನಾನು, "ನಿಮ್ಮ ದೋಸ್ತಿಗೆ ಒಂದ್ ಫೋನ್ ಮಾಡಿ," ಎಂದೆ. "ಮದ್ದ್ ತಕಂತಿದ್ರಾ ಕೇಣಿ." ಇವರು ತಲೆಯಾಡಿಸಿದರು. ಸ್ವಲ್ಪ ಧೈರ್ಯ ಬಂತೇನೋ, "ಹಾಂಗಾರೆ ಸಿಟ್ಟೂ ಹೋದ ದಿನದಿಂದ್ಲೇ ಲೆಕ್ಕ ಹಾಕ್ ಮಾರಾಯ್ತಿ. ಅವಧಿ ಯಾವಾಗ್ಲೋ ಮುಗ್ದಿತ್," ಎಂದರು.

"ಅದ್ ಮಾತ್ರ ಕೇಂಡ ದಿನದಿಂದ!" ಎಂದೆ. ಆದರೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಔಷಧಿಯ ಸಾಲಿನಿಂದ ಒಂದು ಕೂಗು. "ಹ್ವಾಯ್, ಸಿಸಿಲಿಯಾ!"

ಬ್ರಹ್ಮಾವರದ ಬಾಯಿ! ಬ್ರಹ್ಮಾವರದವರು ತಮ್ಮ ಗುಟ್ಟಿಗೆ ಕುಂದಾಪುರಕ್ಕೆ ಬರುತ್ತಾರೆಂದು ನನಗೆ ಹೊಳೆದಿರಲಿಲ್ಲ. ಅವರು ನೇರ ಇವರ ಮುಂದೆ ಬಂದು ನಿಂತರು. "ಇವ್ರೇನಾ ಗಂಡ? ಕಾಣಿ, ಈ ಹೆಣ್ಣ್ ನಿಮ್ಗಾಯಿ ಅಪ್ಪ ಅಮ್ಮನ್ನ್ ಬಿಟ್ಟ್, ಇಗರ್ಜಿ ಬಿಟ್ಟ್ ಬಂದದ್. ಕಣ್ಣೀರ್ ಹಾಕ್ಸ್‌ಬ್ಯಾಡಿ. ಚೆಂದ ಮಾಡಿ ಕಂಡ್ಕಣಿ!"

ಹಿರಿಯರು ನೋಡಿ ಒಪ್ಪಿ, ಜಾತಕ ಕೂಡಿಸಿ ಮಾಡಿದ ಮದುವೆ ನಮ್ಮದು. ಇವರು ಒಮ್ಮೆ ಬಾಯಿಯನ್ನೂ ಒಮ್ಮೆ ನನ್ನನ್ನೂ ನೋಡಿ, ಕೈಮುಗಿದು, "ಆಯ್ತ್ ಬಾಯಿ," ಎಂದರು.

ಆ ರಾತ್ರಿ ಚಾಪೆ ಚಾವಡಿಯಿಂದ ಒಳಗೆ ಬಂತು. "ಸೆಕೆ ಹೋಯ್ತಾ?" ಎಂದು ಅತ್ತೆ ಕೇಳಿದರು. ಇವರು ನನ್ನನ್ನು ಈಗಲೂ, ಯಾರೂ ಇಲ್ಲದಾಗ, ಸಿಸಿಲಿಯಾ ಎಂದೇ ಕರೆಯುತ್ತಾರೆ. ತಿರುಗಿ ಬೈಯುವಂತಿಲ್ಲ. ಲೋಟದ ತಳದ ಕೆಂಪು ಬಣ್ಣ ಎಷ್ಟು ತಿಕ್ಕಿದರೂ ಹೋಗಿಲ್ಲ. ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಮಾತನ್ನು ನಾನೇ ಹಿಂದಕ್ಕೆ ಪಡೆದಿದ್ದೇನೆ. ಉಳಿದಂತೆ ನಾನು ಆರೋಗ್ಯವಾಗಿದ್ದೇನೆ. ಸಿಸಿಲಿಯಾಳೂ ಅಷ್ಟೆ!