ಅತ್ತೆ ಹೊತ್ತ ಹರಕೆ

ನನ್ನನ್ನು ಒಂದು ಮಾತೂ ಕೇಳದೆ, ನನ್ನ ಹೆಸರಿನಲ್ಲಿ ದೇವರ ಜೊತೆ ಕರಾರು ಮಾಡಿಕೊಂಡು ಬರುವ ಅಧಿಕಾರವನ್ನು ನಮ್ಮತ್ತೆಗೆ ಯಾರು ಕೊಟ್ಟಿದ್ದರು? ನಾನಂತೂ ಕೊಟ್ಟಿರಲಿಲ್ಲ. ನಾನು ಕಟ್ಟಿದ್ದು ಅವರ ಮಗಳಿಗೆ ಒಂದು ತಾಳಿ, ಅಷ್ಟೆ!

ಹರಕೆ ಹೊರುವವರು ಊರಿಗೆ ನೂರು ಜನ ಇರುತ್ತಾರೆ. ಆದರೆ ಹೊರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು ಎಂಬ ಪದ್ಧತಿಯನ್ನು ನಾನು ಕಂಡದ್ದು ಅತನೂರಿನ ನನ್ನ ಮಾವನ ಮನೆಯಲ್ಲಿ ಮಾತ್ರ. ಪ್ರತಿ ಅಮಾವಾಸ್ಯೆಗೆ ಅತ್ತೆ ಘತ್ತರಗಿಯ ಭಾಗ್ಯವಂತಿ ಗುಡಿಗೆ ಹೋಗುತ್ತಿದ್ದರು. ಅವರು ತಿರುಗಿ ಬರುವ ಹೊತ್ತಿಗೆ ಮನೆಮಂದಿಯೆಲ್ಲ ಜೀವ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಈ ಸಲ ಯಾರ ತಲೆ ಬೋಳಾಗುವುದೋ, ಯಾರ ಬಾಯಿಗೆ ಬೀಗ ಬೀಳುವುದೋ! ಮೊಮ್ಮಗ ಹತ್ತನೆಯ ತರಗತಿ ಪಾಸಾದಾಗ ತಲೆ ಬೋಳಿಸಿಕೊಂಡದ್ದು ಅವನ ಸೋದರಮಾವ. ಎಮ್ಮೆ ಸುಸೂತ್ರವಾಗಿ ಈದಾಗ ಒಂದು ತಿಂಗಳು ಎಲೆಯಡಿಕೆ ಬಿಟ್ಟದ್ದು ನಮ್ಮ ಮಾವ. ಎಮ್ಮೆ ಈದದ್ದಕ್ಕೆ ನನಗೇಕೆ ಈ ಶಿಕ್ಷೆ ಎಂದು ಮಾವ ಕೇಳಿದರಂತೆ. ಹಾಲು ಕುಡಿಯುವವರು ಯಾರು ಎಂದು ಅತ್ತೆ ತಿರುಗಿ ಕೇಳಿದರಂತೆ. ಮಾವ ಎಲೆಯ ಚೀಲವನ್ನು ಗೂಟಕ್ಕೆ ತೂಗುಹಾಕಿದರು.

ನಾನು ವಿಜ್ಞಾನದ ಮಾಸ್ತರ. ಮೂಢನಂಬಿಕೆ ಎಂಬ ಪಾಠ ಬಂತೆಂದರೆ ಒಂದು ಪೀರಿಯಡ್ಡಿನದನ್ನು ಮೂರು ಪೀರಿಯಡ್ಡಿಗೆ ಎಳೆಯುವವನು. ಜೇವರ್ಗಿಯಿಂದ ಅಫಜಲಪುರದ ಕಡೆ ವರ್ಗ ಮಾಡಿಸಿಕೊಳ್ಳಲು ನಾಲ್ಕು ವರ್ಷ ಒದ್ದಾಡಿ, ಕೊನೆಗೆ ಆದೇಶ ಹಿಡಿದುಕೊಂಡು ಸಿಹಿ ಸಮೇತ ಅತ್ತೆಯ ಮನೆಗೆ ಹೋದೆ. ಅವರು ಸಿಹಿ ತೆಗೆದುಕೊಂಡು, ಬರುವ ಅಮಾವಾಸ್ಯೆಗೆ ನಾನು ಭೀಮಾ ನದಿಯಿಂದ ಗುಡಿಯವರೆಗೆ ದೀಡ ನಮಸ್ಕಾರ ಹಾಕುವುದಿದೆ ಎಂದು ತಣ್ಣಗೆ ತಿಳಿಸಿದರು. ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ದಾರಿಯುದ್ದಕ್ಕೂ ಅಡ್ಡಬಿದ್ದು, ಎದ್ದು, ಮತ್ತೆ ಅಡ್ಡಬೀಳುತ್ತ ಹೋಗುವ ಸೇವೆ ಅದು! ಇದು ಕೌನ್ಸೆಲಿಂಗಿನಲ್ಲಿ ಸೇವಾ ಹಿರಿತನದ ಮೇಲೆ ಆದ ವರ್ಗ, ಇದಕ್ಕೂ ದೇವಿಗೂ ಸಂಬಂಧವಿಲ್ಲ ಎಂದು ನಾನು ಬಿಡಿಸಿ ಹೇಳಿದೆ.

"ಆ ಕೌನ್ಸೆಲಿಂಗ್ ಮಾಡ್ದಾಕಿ ಯಾರಂತ ತಿಳ್ಕೊಂಡೀರಿ, ಅಳಿಯಾ?" ಎಂದರು ಅತ್ತೆ.

ಹಾಕಿದೆ. ಹಾಕದೆ ಬಿಡುತ್ತಾರೆಯೇ? ಎಷ್ಟನೆಯ ನಮಸ್ಕಾರವೋ ನೆನಪಿಲ್ಲ, ಮಣ್ಣಿನಿಂದ ಮುಖ ಎತ್ತಿದರೆ ಎದುರಿಗೆ ನನ್ನ ಹೊಸ ಶಾಲೆಯ ಒಂಬತ್ತನೆಯ ತರಗತಿಯ ನಾಲ್ಕು ಜೊತೆ ಕಾಲು! ನಮಸ್ಕಾರ ಸರ್ ಎಂದವು. ಮಲಗಿದಲ್ಲಿಂದಲೇ ತಲೆಯಾಡಿಸಿದೆ. ಆ ವರ್ಷ ಮೂಢನಂಬಿಕೆಯ ಪಾಠವನ್ನು ಹುಡುಗರಿಗೇ ಮನೆಯಲ್ಲಿ ಓದಿಕೊಳ್ಳಲು ಹೇಳಿದೆ. ಆದರೆ ಒಂದು ಮಾತನ್ನು ಆಗ ಯಾರಿಗೂ ಹೇಳಿರಲಿಲ್ಲ. ಆ ದಾರಿಯುದ್ದಕ್ಕೂ ಅತ್ತೆ ಬರಿಗಾಲಲ್ಲಿ ನನ್ನ ಮುಂದೆ ಮುಂದೆ ನಡೆಯುತ್ತ, ನಾನು ಬೀಳುವ ಜಾಗದ ಹರಳುಗಳನ್ನು ಬಗ್ಗಿ ಬಗ್ಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು.

ಇನ್ನು ಬೆಲ್ಲದ ತುಲಾಭಾರ. ಮದುವೆಯ ಹೊಸದರಲ್ಲಿ, ನಾನು ಕಡ್ಡಿಯಂತಿದ್ದಾಗ, ನನ್ನ ಕಾಮಾಲೆಗೆಂದು ಹೊತ್ತ ಹರಕೆ. ತೀರಿಸುವ ಹೊತ್ತಿಗೆ ಹತ್ತು ವರ್ಷ ಆಗಿತ್ತು, ಅಷ್ಟೂ ವರ್ಷ ಅತ್ತೆಯ ಮನೆಯ ಶೇಂಗಾ ಹೋಳಿಗೆ ನನ್ನ ಹೊಟ್ಟೆ ಸೇರಿತ್ತು. ಎದುರಿನ ತಟ್ಟೆಗೆ ಬೆಲ್ಲದ ಪೆಂಟೆಯ ಮೇಲೆ ಪೆಂಟೆ ಇಟ್ಟರೂ ನನ್ನ ತಟ್ಟೆ ನೆಲ ಬಿಡಲಿಲ್ಲ. ಮಾವ ಇನ್ನೊಂದು ಪೆಂಟೆ ತರಲು ಅಂಗಡಿಗೆ ಓಡಿದರು.

ಹಾಗಾದರೆ ಅವರು ತಮ್ಮ ಮೇಲೆ ಏನೂ ಹೊತ್ತುಕೊಳ್ಳುತ್ತಿರಲಿಲ್ಲವೇ? ಹೊತ್ತಿದ್ದರು. ಮಾವನಿಗೆ ವಿಷಮಶೀತ ಜ್ವರ ಬಂದಾಗ ಚಹಾ ಬಿಟ್ಟರು. ಹಿರಿಮಗಳ ಬಾಣಂತನಕ್ಕೆ ಬದನೆಕಾಯಿ, ಮಗನ ನೌಕರಿಗೆ ಬಾಳೆಹಣ್ಣು. ಮೊಮ್ಮಕ್ಕಳು ಹುಟ್ಟತೊಡಗಿದ ಮೇಲಂತೂ ಮದುವೆ ಮನೆಗಳಲ್ಲಿ ಅವರಿಗೆ ಬಡಿಸುವುದೇ ಕಷ್ಟವಾಯಿತು. ಇದು ಯಾಕೆ ಬೇಡ, ಅದು ಯಾಕೆ ಬೇಡ ಎಂದು ಬಡಿಸುವವರು ಕೇಳಿದರೆ, ಇದು ಇಂಥವನದು, ಅದು ಇಂಥವಳದು ಎನ್ನುತ್ತಿದ್ದರು. ನಾವು ಅವರ ಎಲೆ ನೋಡಿ ನಗುತ್ತಿದ್ದೆವು. ನಗುವುದು ಸುಲಭವಾಗಿತ್ತು.

ಹೋದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿಟ್ಟೆವು. ಒಂದು ಮಧ್ಯಾಹ್ನ ನನ್ನ ಹೆಂಡತಿ ಊಟಕ್ಕೆ ಹೋಗಿದ್ದಳು, ಹಾಸಿಗೆಯ ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಅತ್ತೆ ಕಣ್ಣು ಬಿಟ್ಟು, ಕೇಳಲೋ ಬೇಡವೋ ಎನ್ನುವಂತೆ ಕೇಳಿದರು.

"ಅಳಿಯಾ, ನನ್ನ ಹೆಸರಲೆ ಯಾರರ ಹರಕಿ ಹೊತ್ತಾರೇನ್ರಿ?"

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಹೊತ್ತಿದ್ದೇನೆ, ನೀವು ಗುಣವಾದ ಮೇಲೆ ಮತ್ತೆ ದೀಡ ನಮಸ್ಕಾರ ಹಾಕುತ್ತೇನೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ನನ್ನೊಳಗಿನ ವಿಜ್ಞಾನದ ಮಾಸ್ತರನಿಗೆ ಎಚ್ಚರವಾಗಲು ಅದೇ ಗಳಿಗೆ ಬೇಕಾಗಿತ್ತು! ಡಾಕ್ಟರು ಒಳ್ಳೆಯವರಿದ್ದಾರೆ, ಔಷಧ ಹತ್ತುತ್ತಿದೆ, ಹರಕೆ ಯಾಕೆ ಬೇಕು ಎಂದೆ. ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು.

"ಇರ್ಲಿ ಬಿಡ್ರಿ. ನಿಮಗ್ಯಾರಿಗೂ ಬೇಡ್ಕೊಳ್ಳೋದು ಕಲಿಸಲೇ ಇಲ್ಲ ನಾ. ಎಲ್ಲಾ ನಾನೇ ಬೇಡ್ಕೋತಾ ಹೋದೆ."

ಮೂರನೆಯ ದಿನ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ತಡೆಯಲಾರದೆ ಮನೆಯಲ್ಲಿ ಈ ಮಾತು ತೆಗೆದೆ. ಅತ್ತೆಯ ಮಕ್ಕಳು, ಅಪ್ಪ ಹೊತ್ತಿರಬೇಕು ಎಂದುಕೊಂಡಿದ್ದರಂತೆ. ಮಾವ ತಲೆ ತಗ್ಗಿಸಿ ಕೂತಿದ್ದರು. "ಅದು ಆಕಿ ಕೆಲಸ ಅಂತ ಸುಮ್ಮನಿದ್ದೆಪಾ," ಎಂದು ಹೇಳಿ ಅತ್ತುಬಿಟ್ಟರು. ಐವತ್ತು ವರ್ಷ ಸಂಸಾರ ಮಾಡಿದ ಗಂಡ, ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು, ಅವರ ಹರಕೆಗಳನ್ನೆಲ್ಲ ಉಂಡು ಬೆಳೆದ ಮೊಮ್ಮಕ್ಕಳು, ಇಪ್ಪತ್ತೆರಡು ವರ್ಷದ ಅಳಿಯ. ಒಬ್ಬರೂ ಹೊತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಯಾರೂ ಹೇಳದೆ ನಾನೇ ಘತ್ತರಗಿಗೆ ಹೋದೆ. ಕಾಯಿ ಕೊಟ್ಟೆ. ಪೂಜಾರಿ ನನ್ನನ್ನು ಗುರುತು ಹಿಡಿದು, ಅತ್ತೆ ಹೇಳಿಸುತ್ತಿದ್ದ ಹೆಸರುಗಳನ್ನು ತಾನೇ ಬಾಯಿಪಾಠ ಹೇಳತೊಡಗಿದ. ಮಾವನ ಹೆಸರು, ನನ್ನ ಹೆಸರು, ಮಕ್ಕಳು, ಮೊಮ್ಮಕ್ಕಳು, ಒಬ್ಬರನ್ನೂ ಬಿಡಲಿಲ್ಲ. ಅವನನ್ನು ತಡೆದು, ಅತ್ತೆಯ ಹೆಸರು ಹೇಳಿದೆ.

ಪೂಜಾರಿ ಕಾಯಿ ಹಿಡಿದುಕೊಂಡೇ ನನ್ನ ಕಡೆ ನೋಡಿದ.

"ಇದ್ಯಾರ್ರಿ ಮಾಸ್ತರ್ರ, ಹೊಸ ಹೆಸರು?"